ತಾಸೆಯ ಬೆಂಕಿ

ಕುರ್ಬಾನ್ ಚಾಚಾರ ಬಾಯಿ ಕೆಟ್ಟದ್ದು, ಕೈ ಮಾತ್ರ ಚಿನ್ನ ಎಂದು, ನಮ್ಮ ಹಿರಿಯರು ಹಡಗೇರಿ ಬಂದಿಳಿದ ಈ ದ್ವೀಪದ ಸೇಂಟ್ ಜೇಮ್ಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ವರ್ಷವಿಡೀ ಗ್ಯಾರೇಜಿನಲ್ಲಿ ಟೈರಿಗೆ ಪಂಕ್ಚರ್ ಹಾಕುವ ಮನುಷ್ಯ, ಮೊಹರಂ ಚಂದ್ರ ಕಂಡಿತೋ, ಬೇರೆಯೇ ಆಗಿಬಿಡುತ್ತಿದ್ದರು. ಮಾಂಸವಿಲ್ಲ, ಮೀನಿಲ್ಲ, ಹುತಾತ್ಮ ಹುಸೇನರ ಗೋರಿಯ ಮಾದರಿಯಾದ ತಾಜಿಯಾ ಕಟ್ಟುವ ಅಂಗಳದಲ್ಲೇ ಚಾಪೆ ಹಾಸಿ ನಿದ್ದೆ. ಹೊಸೇ, ಅಂದರೆ ನಮ್ಮೂರಿನ ಮೊಹರಂ ಮೆರವಣಿಗೆ, ಮುಗಿಯುವವರೆಗೆ ಅವರಿಗೆ ತಾಸೆ ಡೋಲೊಂದೇ ಲೋಕ.

ನಾವು ಎದುರುಮನೆಯ ಹಿಂದೂಗಳು. ಎರಡು ವರ್ಷವಾದರೂ ನಾನು ನಡೆಯದಿದ್ದಾಗ ಅಮ್ಮ ತಾಜಿಯಾಕ್ಕೆ ಹರಕೆ ಹೊತ್ತಿದ್ದಳಂತೆ. ಹಾಗಾಗಿ ಆ ದಿನಗಳಲ್ಲಿ ನಮ್ಮಲ್ಲೂ ಬರೀ ಬೇಳೆ, ಅನ್ನ. ಚಾಚಾ ಬೇಲಿಯಾಚೆಯಿಂದಲೇ ಕೂಗುತ್ತಿದ್ದರು: "ದೇವ್ಕೀ, ಮೀನು ಹುರಿದ ವಾಸ್ನೆ ಬಂತೋ, ನಿನ್ ಕಾಲು ಮತ್ತೆ ಸೊಟ್ಟಗಾಗುತ್ತೆ ನೋಡು!"

ತಾಸೆಯೆಂದರೆ ಮಣ್ಣಿನ ಬೋಗುಣಿಗೆ ಬಿಗಿದ ಆಡಿನ ಚರ್ಮ. ಸಮುದ್ರದ ಗಾಳಿ ತಾಗಿದರೆ ಸಾಕು, ಸಡಿಲಗೊಂಡು ದಬದಬ ಎನ್ನುತ್ತದೆ. ಅದಕ್ಕೇ ಮೆರವಣಿಗೆ ನಿಂತಲ್ಲೆಲ್ಲ ರಸ್ತೆಬದಿಯಲ್ಲಿ ರಟ್ಟು, ತೆಂಗಿನ ಗರಿ ಒಟ್ಟಿ ಬೆಂಕಿ ಹಾಕಿ ಕಾಯಿಸಬೇಕು. ಹತ್ತಿರ ಹಿಡಿದರೆ ಚರ್ಮ ಸಿಡಿಯುತ್ತದೆ, ದೂರ ಹಿಡಿದರೆ ಸದ್ದು ಏಳುವುದಿಲ್ಲ. ಒಂದು ವರ್ಷ ಯಾರೋ ಅವಸರ ಮಾಡಿ ಒಳ್ಳೆಯ ತಾಸೆಯನ್ನೇ ಸಿಡಿಸಿದ ಮೇಲೆ ಚಾಚಾ ಬೆಂಕಿಯ ಹತ್ತಿರ ಯಾರನ್ನೂ ಬಿಟ್ಟುಕೊಂಡಿರಲಿಲ್ಲ.

ಅವರ ಮಗಳು ಸಫ್ರೀನಾಗೆ ಸಿಟ್ಟಿದ್ದದ್ದು ಇದೇ ಬೆಂಕಿಯ ಮೇಲೆ. ಅವಳು ಮಸೀದಿಯ ಶಾಲೆಯಲ್ಲಿ ಮಕ್ಕಳಿಗೆ ಕುರಾನ್ ಹೇಳಿಕೊಡುವವಳು. ಶೋಕದ ದಿನ ಡೋಲು ಕುಟ್ಟುವುದು, ಹಿಂದೆ ರಮ್ಮಿನಂಗಡಿಯವರು ಕುಣಿಯುವುದು, ಇದು ಧರ್ಮವಲ್ಲ ಎನ್ನುವುದು ಅವಳ ವಾದ. ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ವರ್ಷಪೂರ್ತಿ ಐದು ಹೊತ್ತು ತಪ್ಪಿಸದ ಅಪ್ಪ, ಹೊಸೇಯ ಕೊನೆಯ ದಿನ ಮಾತ್ರ ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜು ಬಿಡುತ್ತಿದ್ದರು. ಬಾಂಗ್ ಕೇಳಿದ ಕೂಡಲೇ ತಾಸೆಗಳೇನೋ ನಿಲ್ಲುತ್ತಿದ್ದವು. ಚಾಚಾ ಬೆಂಕಿ ಬಿಟ್ಟು ಏಳುತ್ತಿರಲಿಲ್ಲ.

"ಹುಸೇನರು ನಮಾಜಿನಲ್ಲೇ ಪ್ರಾಣ ಬಿಟ್ಟ ದಿನ ಅಪ್ಪಾ ಇದು," ಎಂದಿದ್ದಳು ಒಮ್ಮೆ, ನನ್ನೆದುರಿಗೇ. "ಆಡಿನ ಚರ್ಮಕ್ಕೋಸ್ಕರ ನಮಾಜು ಬಿಡ್ತೀಯಲ್ಲ!"

"ಈ ಕೈ ಹರಾಮಾದ್ರೆ, ಈ ಕೈ ತಿನ್ನಿಸಿದ ಅನ್ನಾನೂ ಹರಾಮೇ," ಎಂದುಬಿಟ್ಟರು ಚಾಚಾ.

ಆಮೇಲೆ ಮೊಹರಮ್ಮಿನಲ್ಲಿ ಅವಳು ಆ ಹೊಸಿಲು ತುಳಿಯಲಿಲ್ಲ. ಈದಿಗೆ ಶ್ಯಾವಿಗೆ ಪಾಯಸ ತಂದಿಟ್ಟು, ನಾಲ್ಕು ಮಾತಾಡಿ ಹೊರಟುಹೋಗುತ್ತಿದ್ದಳು. ಎರಡು ಬೀದಿ ದಾಟಿದರೆ ಅವಳ ಮನೆ. ನನಗಂತೂ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಚಾಚಾರ ಎದೆ ಕೈಕೊಟ್ಟಿತು. ತಾಸೆ ಬಾರಿಸುವುದು ಇದೇ ಕೊನೆ ಎಂದು ಡಾಕ್ಟರು ಹೇಳಿದರು. ಆ ಮೊಹರಮ್ಮಿನಲ್ಲಿ ಚಾಚಾ ನನ್ನನ್ನು ಕರೆದು, ಕತ್ತು ತಗ್ಗಿಸಿಕೊಂಡು ಹೇಳಿದರು: "ದೇವ್ಕೀ, ಸಫ್ರೀನಾಗೆ ಹೇಳು. ಇದೊಂದ್ಸಲ ಬರ್ಲಿ. ಕೇಳೋಕೆ ಬೇಡ, ಸುಮ್ನೆ ನೋಡೋಕೆ." ಆ ಬಾಯಿಂದ ಅಷ್ಟು ಮೆತ್ತಗಿನ ಮಾತು ನಾನು ಕೇಳಿಯೇ ಇರಲಿಲ್ಲ.

ಹೋಗಿ ಹೇಳಿದೆ. ಅವಳು ಒಲೆಯ ಮೇಲೆ ನೀರಿಟ್ಟಳು. ಚಹಾ ಕೊಟ್ಟು ಕಳಿಸಿದಳು.

ಕೊನೆಯ ದಿನ ತಾಜಿಯಾ ಹೊರಟು ಮುಖ್ಯರಸ್ತೆಗೆ ಬಂದಾಗ ತುಂತುರು ಹನಿಯಿತ್ತು. ಚಾಚಾ ಬಾರಿಸುತ್ತ ನಡುನಡುವೆ ಜನರ ಕಡೆ ನೋಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೊತ್ತು ಮುಳುಗಿತು, ಬಾಂಗ್ ಕೇಳಿಸಿತು, ತಾಸೆಗಳು ಗಪ್ಪಾದವು. ಉಳಿದ ತಾಸೆಯವರು ಮಸೀದಿ ಕಡೆ ನಡೆದರು. ಚಾಚಾ ಎಂದಿನಂತೆ ಬೆಂಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

ಆಗ ಜನರನ್ನು ಸರಿಸಿಕೊಂಡು ಸಫ್ರೀನಾ ಬಂದಳು. ತಲೆಯ ಬಟ್ಟೆ ಹನಿಗೆ ತೋಯ್ದಿತ್ತು.

"ಏಳಪ್ಪಾ. ನಮಾಜಿಗೆ ಹೋಗು."

"ಬೆಂಕಿ ಆರುತ್ತೆ ಮಗಳೇ. ಮಳೆ ಬೇರೆ. ಇವು ತಣ್ಣಗಾದ್ರೆ—"

"ನಾನು ನೋಡ್ಕೋತೀನಿ. ನೀನು ಬಂದ್ಮೇಲೆ ನಾನು ಹೋಗಿ ನಮಾಜು ಮಾಡ್ಕೊಂಡು ಬರ್ತೀನಿ. ಏಳು, ಹೊತ್ತು ಮೀರುತ್ತೆ."

ಚಾಚಾ ಅವಳ ಮುಖವನ್ನೇ ನೋಡಿದರು. ಆಮೇಲೆ ನನ್ನ ಹೆಗಲು ಹಿಡಿದು ಎದ್ದು, ತಿರುಗಿ ತಿರುಗಿ ನೋಡುತ್ತಲೇ ಹೋದರು.

ಸಫ್ರೀನಾ ತಲೆಯ ಬಟ್ಟೆ ಬಿಗಿದು ಕೂತಳು. ಗರಿ ಮುರಿದು ಹಾಕಿದಳು, ಒಂದೊಂದೇ ತಾಸೆಯನ್ನು ಬೆಂಕಿಗೆ ತಿರುಗಿಸಿ, ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಅಂಗಳದಲ್ಲೇ ಬೆಳೆದವಳು, ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದಳು. ನಾನು ಹೌದೆಂದೆ. ನನ್ನ ಕಣ್ಣಲ್ಲೂ ನೀರಿತ್ತು.

ಚಾಚಾ ವಾಪಸು ಬಂದು ತಮ್ಮ ತಾಸೆಯನ್ನು ಎತ್ತಿ ಕಡ್ಡಿಯಿಂದ ಒಂದೇಟು ಕೊಟ್ಟರು. ಗಣ್ಣೆಂದಿತು. ಬೀದಿಯ ತುದಿಯವರೂ ತಿರುಗಿ ನೋಡಿದರು.

ಸಫ್ರೀನಾ ಕೈಯ ಮಸಿ ಒರೆಸಿಕೊಳ್ಳುತ್ತ ಎದ್ದಳು. "ಹಾಗಂತ ನಾನು ಒಪ್ಕೊಂಡೆ ಅಂದ್ಕೋಬೇಡ. ಇದು ತಪ್ಪು ಅಂತ ಈಗಲೂ ಅಂತೀನಿ."

"ಅನ್ನು ಮಗಳೇ," ಎಂದರು ಚಾಚಾ. "ಇಲ್ಲೇ, ನನ್ ಪಕ್ಕದಲ್ಲಿ ನಿಂತ್ಕೊಂಡು ಅನ್ನು."