ಮೈದುನನ ಬದಲು ಬರೆಸಿದ ಹೆಸರು

ಎರಡು ವರ್ಷದ ಕೆಳಗೆ ಶಿಗ್ಗಾಂವಿಯ ಒಂದು ಶಾಲೆಯ ಬಸ್ಸುಗಳಿಗೆ ಇಬ್ಬರು ಡ್ರೈವರ್ ಬೇಕಾಗಿದ್ದರು. ನಮ್ಮ ಮನೆಯವರೂ ಮೈದುನನೂ ಒಂದೇ ದಿನ ಅರ್ಜಿ ಕೊಟ್ಟರು. ಮಕ್ಕಳನ್ನು ಕರೆದೊಯ್ಯುವ ಕೆಲಸ, ಹಾಗಾಗಿ ಪೊಲೀಸರಿಂದ ನಡತೆಯ ಪತ್ರ ತರಬೇಕಿತ್ತು. ಮೈದುನನದು ಎಂಟು ದಿನಕ್ಕೆ ಚೊಕ್ಕವಾಗಿ ಬಂತು. ನಮ್ಮವರ ಪತ್ರದಲ್ಲಿ ಒಂದು ಪ್ರಕರಣ ಬಾಕಿ ಇದೆ ಎಂದಿತ್ತು.

ಮೈದುನ ಕೆಲಸಕ್ಕೆ ಹೋದ. ಅವನ ಹೆಂಡತಿ, ನನ್ನ ನೆಗೆಣ್ಣಿ, ಅವನ ಖಾಕಿ ಅಂಗಿಯನ್ನು ದಿನಾ ಒಗೆದು ನಮ್ಮ ಬಾಗಿಲೆದುರಿನ ತಂತಿಗೆ ಹಾಕುತ್ತಿದ್ದಳು. ಎರಡೂ ಮನೆಗೆ ಇದ್ದದ್ದು ಅದೊಂದೇ ತಂತಿ. ಆದರೂ ಬೇಕಂತಲೇ ಹಾಕುತ್ತಾಳೆ ಅನಿಸುತ್ತಿತ್ತು. ದೇವರಿಗೆ ಊದಿನಕಡ್ಡಿ ಹಚ್ಚುವಾಗಲೂ ನನ್ನ ಕಣ್ಣು ಆ ಅಂಗಿಯ ಮೇಲೆಯೇ.

ಹೊಟ್ಟೆ ಉರಿಯಲು ಕಾರಣವಿತ್ತು. ಹಿಂದೆ ಹೊಲದ ಬದುವಿನ ಜಗಳದಲ್ಲಿ ಬಾಜು ಹೊಲದವನನ್ನು ಹೊಡೆದು ಕೆಡವಿದವನು ಮೈದುನ. ನಮ್ಮವರು ಬಿಡಿಸಲು ಹೋಗಿದ್ದರು. ಪೊಲೀಸರು ಬಂದಾಗ ಅತ್ತೆ ಇವರನ್ನು ಒಳಗೆ ಕರೆದರು.

"ನಿಂದು ಲಗ್ನ ಆಗೇತಿ. ಸಣ್ಣಾವಗ ಇನ್ನ ಕನ್ಯಾ ನೋಡಬೇಕು. ನಿನ್ನ ಹೆಸರು ಬರಸಪಾ."

ನಮ್ಮ ಕಡೆ ಹಾಗೇ, ಕೇಸು ಇದ್ದವನಿಗೆ ಹೆಣ್ಣು ಕೊಡುವುದಿಲ್ಲ. ಇವರು ಬರೆಸಿದರು. ಆಮೇಲೆ ಹಿರಿಯರು ಎರಡೂ ಮನೆಯವರನ್ನು ಬಸವಣ್ಣನ ಗುಡಿಯಲ್ಲಿ ಕೂಡಿಸಿ, ಬೆಲ್ಲ ತಿನ್ನಿಸಿ ರಾಜಿ ಮಾಡಿದರು. ದೇವರ ಮುಂದೆ ಮುಗಿದದ್ದು ಮುಗಿಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಕೋರ್ಟಿಗೆ ಯಾರೂ ಹೇಳಲೇ ಇಲ್ಲ.

ನಿಜ ಹೇಳಿಬಿಡಬೇಕೆಂದು ಒಂದು ದಿನ ನಾನೇ ಶಾಲೆಗೆ ಹೋದೆ. ಹೆಡ್‌ಮೇಡಂ ಕುರ್ಚಿ ತೋರಿಸಿದರು.

"ಅವರು ಹೊಡದಿದ್ದು ಖರೇನ?"

"ಇಲ್ರಿ. ಬಿಡಸಾಕ ಹೋಗಿದ್ರು."

"ಮತ್ತ ಹೊಡದಾವ್ರು ಯಾರು?"

ಕಿಟಕಿಯಾಚೆ ಮೈದುನ ಬಸ್ಸಿನ ಗಾಜು ಒರೆಸುತ್ತಿದ್ದ. ಅವನ ಹೆಸರು ನನ್ನ ಬಾಯಿಗೆ ಬಂದಿತ್ತು. ಹೇಳಿದ್ದರೆ ಅವನೂ ಮನೆಯಲ್ಲಿ ಕೂರುತ್ತಿದ್ದ, ಇವರ ಕೇಸು ಮಾತ್ರ ಹಾಗೇ ಇರುತ್ತಿತ್ತು.

"ಅದನ್ನ ಕೇಳಬ್ಯಾಡ್ರಿ," ಎಂದೆ.

ಮೇಡಂ ಅರ್ಜಿ ತಿರುವಿ ನೋಡಿದರು. ಜಗಳವಾಗಿತ್ತು, ಗುಡಿಯಲ್ಲಿ ರಾಜಿಯಾಗಿದೆ ಎಂದು ಇವರೇ ಅದರಲ್ಲಿ ಬರೆದಿದ್ದರು.

"ಕೇಸ್ ಐತಿ ಅಂದ್ರ ತಪ್ಪು ಮಾಡ್ಯಾರ ಅಂತಲ್ಲ. ಮುಚ್ಚಿಟ್ಟೂ ಇಲ್ಲ. ಆದ್ರ ಸಣ್ಣ ಹುಡುಗರ ಕೆಲಸ ನೋಡ್ರಿ. ಕೇಸ್ ಮುಗದದ್ದಕ್ಕ ಕೋರ್ಟಿನ ಕಾಗದ ತರ್ರಿ, ಎರಡ ತಿಂಗಳು ಜಾಗಾ ಹಿಡಿತೇನಿ."

ಮನೆಗೆ ಬಂದರೆ ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾರ, ಸಾಲಿಗೆ ಹೋಗಿದ್ರಂತ. ನಮ್ಮವರ ಸುದ್ದಿ ಏನಾರ ತಗದ್ರೇನು?"

"ತಗೀಬೇಕಂತನ ಹೋಗಿದ್ದೆ. ತಗೀಲಿಲ್ಲ. ಕೇಸ್ ಮುಗದದ್ದಕ್ಕ ಕೋರ್ಟಿನ ಕಾಗದ ತರ್ರಿ ಅಂದಾರ."

ಅವಳು ಗಂಡನಿಗೆ ಹೇಳಲು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಮೈದುನ ರಜೆ ಹಾಕಿ, ಬಾಜು ಹೊಲದವನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ವಕೀಲರ ಬಳಿ ಹೋದ. ಲೋಕ ಅದಾಲತ್ತಿನ ದಿನ ನಮ್ಮವರದೂ ಬಾಜು ಹೊಲದವನದೂ ಸಹಿಯಾಗಿ ಕೇಸು ಮುಗಿಯಿತು. ಕಾಗದ ತೋರಿಸಿದ ವಾರಕ್ಕೆ ನಮ್ಮವರಿಗೆ ಹುಲಗೂರಿನ ಕಡೆಯ ಬಸ್ಸು ಸಿಕ್ಕಿತು.

ದೇವರು ಕೆಲಸ ಕೊಟ್ಟ. ಅದಕ್ಕೂ ಮೊದಲು ಮೇಡಂ ಕೋಣೆಯಲ್ಲಿ ನನ್ನ ನಾಲಿಗೆ ಹಿಡಿದ. ಎರಡನ್ನೂ ನೆನೆದು ದಿನಾ ಕೈ ಮುಗಿಯುತ್ತೇನೆ. ಹೊಸ ಬಸ್ಸನ್ನು ಮಾತ್ರ ಅವಳ ಗಂಡನಿಗೇ ಕೊಟ್ಟಿದ್ದಾರೆ. ಇವರದು ಹಳೆಯದು, ಏರು ಬಂದರೆ ಹೊಗೆ ಉಗುಳುತ್ತದೆ. ಅದನ್ನೂ ದೇವರಿಗೆ ಹೇಳಿದ್ದೇನೆ.