ಹನ್ನೊಂದನೇ ಸೀಟಿನವಳು

ಹೊಟ್ಟೆಕಿಚ್ಚನ್ನು ಇಂಚುಟೇಪು ಹಿಡಿದು ಅಳೆದವಳು ಈ ಟೈಲರಮ್ಮ ಒಬ್ಬಳೇ ಇರಬೇಕು. ಹಾಗಂತ ಕೆಟ್ಟವಳೇನಲ್ಲ. ಮಹಡಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅರ್ಧ ಬೀದಿಯ ಮಕ್ಕಳಿಗೆ ಸ್ಕೂಲು ಯೂನಿಫಾರ್ಮ್ ಹೊಲಿದುಕೊಟ್ಟವಳು. ಅವಳ ಕಷ್ಟವೆಲ್ಲ ಗಂಡನ ಬಾಯಿಯದು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಅವನ ಬಾಯಿಂದ ದಿನಕ್ಕೆ ನಾಲ್ಕು ಮಾತು ಬಿದ್ದರೆ ಹೆಚ್ಚು. ‘ಹೊರಟೆ’, ‘ಬಂದೆ’, ‘ಊಟ ಆಯ್ತಾ’, ‘ಲೈಟ್ ಆರಿಸು’. ಅದೇ ಮನುಷ್ಯ ಫುಟ್‌ಬಾಲ್ ಪಂದ್ಯವಿದ್ದ ದಿನ ಸ್ಟೇಡಿಯಂಗೆ ಹೋಗಿ ಗಂಟಲು ಹರಿದುಕೊಂಡು ಬರುತ್ತಿದ್ದ. ದನಿಯೆಲ್ಲ ಅಲ್ಲೇ ಖರ್ಚಾಗಿ, ಮರುದಿನ ಆ ನಾಲ್ಕು ಮಾತಿಗೂ ಕತ್ತರಿ ಬೀಳುತ್ತಿತ್ತು.

ಉತ್ತರ ಗ್ಯಾಲರಿ, ಒಂಬತ್ತನೇ ಸಾಲು, ಹನ್ನೆರಡನೇ ಸೀಟು. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಕಾದಿರಿಸಿದ ಆ ಸೀಟು ಹತ್ತೊಂಬತ್ತು ವರ್ಷದಿಂದ ಅವನದು. ಅದಕ್ಕೆ ಟೈಲರಮ್ಮನ ತಕರಾರಿರಲಿಲ್ಲ. ತಕರಾರು ಪಕ್ಕದ ಹನ್ನೊಂದನೇ ಸೀಟಿನ ಮೇಲೆ. ಅದು ಒಬ್ಬ ಹೆಂಗಸಿನದು, ಅದೂ ಹತ್ತೊಂಬತ್ತು ವರ್ಷದಿಂದ. ಅವಳ ಹೆಸರು ಗಂಡನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳುತ್ತಿರಲಿಲ್ಲವೋ, ‘ಹನ್ನೊಂದು’ ಅನ್ನುತ್ತಿದ್ದ. “ಇವತ್ತು ಹನ್ನೊಂದು ಎಷ್ಟು ನಗಿಸಿದ್ಲು ಗೊತ್ತಾ?” ಅಂದು ಕೈ ತೊಳೆಯಲು ಹೋಗಿಬಿಡುತ್ತಿದ್ದ. ಏನು ಹೇಳಿ ನಗಿಸಿದಳು ಅನ್ನುವುದು ಬಚ್ಚಲಲ್ಲೇ ಕೊಚ್ಚಿಹೋಗುತ್ತಿತ್ತು.

“ನನಗೂ ಒಂದು ಟಿಕೆಟ್ ತನ್ರೀ,” ಎಂದು ಅವಳು ಕೇಳದೆ ಬಿಟ್ಟಿರಲಿಲ್ಲ.

“ಎಲ್ಲಿಂದ ತರ್ಲಿ? ಹೌಸ್‌ಫುಲ್ ಕಣೇ,” ಎನ್ನುತ್ತಿದ್ದ. ಸುಳ್ಳಲ್ಲ. ಊರಿನ ತಂಡ ಸೋಲಲಿ, ಗೆಲ್ಲಲಿ, ಟಿಕೆಟ್ ಮಾತ್ರ ಕೌಂಟರ್ ತೆರೆದ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು.

ಆಮೇಲೊಂದು ವರ್ಷ ಸ್ಟೇಡಿಯಂನವರು ಸೀಟು ಹೆಚ್ಚಿಸಿದರು. ಇಪ್ಪತ್ತೆರಡು ಸಾವಿರ ಇದ್ದದ್ದು ಹೆಚ್ಚುಕಮ್ಮಿ ಇಪ್ಪತ್ತಾರು ಸಾವಿರವಾಯಿತು. “ಗೋಡೆ ಒಂದಿಂಚು ಕದಲಿಸಿಲ್ಲ ನೋಡು!” ಎಂದು ಗಂಡ ತಾನೇ ಕಟ್ಟಿಸಿದವನಂತೆ ಬೀಗಿದ. ಗೋಡೆ ಕದಲದೆ ಜನ ಹೆಚ್ಚಿದರೆ ಮತ್ತೇನು ಕುಗ್ಗಿತು ಎನ್ನುವುದು ಬಟ್ಟೆ ಕತ್ತರಿಸುವವಳಿಗೆ ತಿಳಿಯದೇ? ಮುಂದಿನ ಪಂದ್ಯಕ್ಕೆ ಅವನ ಜೇಬಿಗೆ ಟೇಪು ತುರುಕಿ ಕಳಿಸಿದಳು. ಪಾಪ, ಏನೂ ಅನುಮಾನಿಸದೆ ಅಳೆದುಕೊಂಡು ಬಂದ. ಇಪ್ಪತ್ತಿಂಚು ಅಗಲವಿದ್ದ ಸೀಟು ಈಗ ಹದಿನೇಳು.

ಗಂಡನ ಅಂಗಿಗೆ ಭುಜದಳತೆ ಹದಿನೆಂಟೂವರೆ. ಅವಳೇ ಹೊಲಿಯುವುದು. ಅಂದರೆ ಎರಡು ಕಡೆಗೂ ಮುಕ್ಕಾಲು ಮುಕ್ಕಾಲು ಇಂಚು ಗಂಡ ಹೊರಗೆ! ಹದಿಮೂರನೇ ಸೀಟಿನ ಕಡೆ ಚಾಚಿದ ಮುಕ್ಕಾಲು ಇಂಚು ಅವಳ ಲೆಕ್ಕಕ್ಕೇ ಬರಲಿಲ್ಲ. ಹನ್ನೊಂದರ ಕಡೆಯ ಮುಕ್ಕಾಲು ಇಂಚು ಮಾತ್ರ ಅವಳ ಹೊಟ್ಟೆ ಉರಿಸಿತು. ಆ ವಾರ ಮೂರು ಪ್ಯಾಂಟು ಗಿಡ್ಡವಾದವು.

ಈ ವರ್ಷದ ಕೊನೆಯ ಪಂದ್ಯ ಪಕ್ಕದೂರಿನ ತಂಡದ ಮೇಲಿತ್ತು. ನಾಲ್ಕು ದಿನ ಮುಂಚೆ ಗಂಡ ಡಿಪೋದಲ್ಲಿ ಜಾರಿಬಿದ್ದು ಪಾದಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡ. ಮೆಟ್ಟಿಲು ಹತ್ತುವ ಹಾಗಿಲ್ಲ. ಪಂದ್ಯದ ಬೆಳಿಗ್ಗೆ ಟಿಕೆಟನ್ನು ಅವಳ ಮಿಷನ್ ಮೇಲಿಟ್ಟ. “ನೀನೇ ಹೋಗು. ಅಷ್ಟು ಜನದ ಮಧ್ಯೆ ನಂದೊಂದು ಸೀಟು ಹಲ್ಲು ಬಿದ್ದ ಹಾಗೆ ಖಾಲಿ ಇದ್ರೆ ಮಾನ ಹೋಗುತ್ತೆ.”

ಟೈಲರಮ್ಮ ಮದುವೆಮನೆಗೆ ಹೊರಟವಳಂತೆ ಸಿಂಗರಿಸಿಕೊಂಡು ಹೊರಟಳು. ಆಟ ನೋಡಲು ಅಲ್ಲ ಅಂತ ಬೇರೆ ಹೇಳಬೇಕೇ?

ಹನ್ನೊಂದು ಆಗಲೇ ಬಂದು ಕೂತಿದ್ದಳು. ಮುದುಕಿಯಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದು ವ್ಯರ್ಥವಾಯಿತು. ಇವಳದೇ ವಯಸ್ಸು, ಕೆನ್ನೆಯಲ್ಲಿ ಗುಳಿ ಬೇರೆ. ಹದಿಮೂರರಲ್ಲಿ ತುತ್ತೂರಿ ಹಿಡಿದ ಮುದುಕನೊಬ್ಬನಿದ್ದ. ಇಬ್ಬರ ನಡುವೆ ಟೈಲರಮ್ಮ ಮೈ ಹಿಡಿ ಮಾಡಿಕೊಂಡು ಕೂತಳು.

“ಟೈಲರಕ್ಕ ಅಲ್ವಾ ನೀವು?” ಹನ್ನೊಂದು ಅವಳ ಎಡಗೈಯನ್ನೇ ಹಿಡಿದುಕೊಂಡಳು. “ಸೂಜಿ ಹೊಕ್ಕಿದ್ದು ಈ ಬೆರಳಿಗೇ ತಾನೆ? ಆಸ್ಪತ್ರೇಲಿ ನೀವು ಒಂದು ಸಲನೂ ಅಯ್ಯೋ ಅನ್ಲಿಲ್ವಂತೆ. ಹೊರಗೆ ನಿಂತು ಅವರೇ ಅತ್ತುಬಿಟ್ರಂತೆ.”

ಟೈಲರಮ್ಮ ಕೈ ಬಿಡಿಸಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

“ಬಾಗಿಲು ಹಾಕ್ಕೊಂಡು ಹಾಡ್ತೀರಂತಲ್ಲ. ಅವರು ಕೆಲಸದಿಂದ ಬಂದು, ಹಾಡು ಮುಗಿಯೋವರೆಗೂ ಮೆಟ್ಟಿಲ ಮೇಲೆ ಕೂತಿರ್ತಾರಂತೆ. ಬೆಲ್ ಮಾಡಿದ್ರೆ ನಿಲ್ಲಿಸಿಬಿಡ್ತೀರಿ ಅಂತ.”

ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ಗಂಡ ಈ ಹೆಂಗಸನ್ನು ಹೊಗಳಿದ್ದರೆ ಮನೆಗೆ ಹೋಗಿ ಜಗಳವಾದರೂ ಆಡಬಹುದಿತ್ತು. ಅವನು ಹೊಗಳಿದ್ದು ಹೆಂಡತಿಯನ್ನೇ, ಆದರೆ ಪರರ ಕಿವಿಯಲ್ಲಿ! ತನಗೆ ಸೇರಬೇಕಾದ ಮಾತನ್ನೆಲ್ಲ ಹತ್ತೊಂಬತ್ತು ವರ್ಷ ಈ ಗುಳಿಕೆನ್ನೆಯವಳು ಉಂಡಿದ್ದಳು.

“ಮನೇಲಿ ಬಾಯೇ ಬಿಡಲ್ಲ ಅವರು,” ಅಂದಳು ಟೈಲರಮ್ಮ. “ನಿಮ್ಮ ಹತ್ರ ಹೇಗೆ ಇಷ್ಟೆಲ್ಲ ಹೇಳ್ತಾರೆ?”

“ನನ್ನ ಹತ್ರ ಎಲ್ಲಿ ಹೇಳ್ತಾರಕ್ಕ? ಮೈದಾನ ನೋಡ್ಕೊಂಡು ಹೇಳ್ತಾರೆ. ಒಂದ್ಸಲ ನಾನು ಕೆಲಸ ಮಾಡೋ ಅಂಚೆ ಕಚೇರಿಗೆ ಬಂದಿದ್ರು. ಕೌಂಟರಲ್ಲಿ ಎದುರಿಗೇ ನಿಂತು ನಕ್ಕೆ. ‘ಎರಡು ಸ್ಟಾಂಪ್ ಕೊಡಿ ಮೇಡಂ’ ಅಂದ್ರು! ನನ್ನ ಮುಖ ಅವರಿಗೆ ಗೊತ್ತೇ ಇಲ್ಲ.”

ಅಷ್ಟರಲ್ಲಿ ಆಟ ಶುರುವಾಯಿತು. ಗ್ಯಾಲರಿಯೇ ಎದ್ದು ನಿಂತು ಹಾಡತೊಡಗಿತು, ಕಾಲ ಕೆಳಗಿನ ಕಾಂಕ್ರೀಟು ನಡುಗಿತು, ಮುದುಕನ ತುತ್ತೂರಿ ಅವಳ ಕಿವಿಗೇ ಬಡಿಯಿತು. ಟೈಲರಮ್ಮನೂ ಎದ್ದು ಕಿರುಚಿದಳು. ಮೊದಲು ಗಂಡನನ್ನು ಬೈದು, ಆಮೇಲೆ ಹನ್ನೊಂದನ್ನು ಬೈದು. ಇಪ್ಪತ್ತಾರು ಸಾವಿರ ಜನರ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಊರಿನ ತಂಡ ಗೋಲು ಹೊಡೆದಾಗ ಹನ್ನೊಂದು ಇವಳನ್ನೇ ತಬ್ಬಿ ಕುಣಿದಳು.

ಮನೆಗೆ ಬಂದಾಗ ಗಂಡ ಸ್ಟೂಲಿನ ಮೇಲೆ ಕಾಲು ಚಾಚಿ ಕಾಯುತ್ತಿದ್ದ. “ಹೇಗಿತ್ತೇ? ಗೋಲು ಬಿದ್ದಾಗ ನಮ್ಮ ಸಾಲು ಏನು ಮಾಡ್ತು?”

ಅವಳಿಗೆ ದನಿಯೇ ಇರಲಿಲ್ಲ. ಕಟಿಂಗ್ ಟೇಬಲ್ಲಿನ ಆಚೆ, ಅವನ ಎದುರಿಗೆ ಇರುತ್ತಿದ್ದ ತನ್ನ ಕುರ್ಚಿಯನ್ನು ದರದರ ಎಳೆದು ಅವನ ಪಕ್ಕಕ್ಕೆ ತಂದಳು. ಟೇಪು ಹಿಡಿದು ಕುರ್ಚಿಯ ನಡುವಿಂದ ಕುರ್ಚಿಯ ನಡುವಿಗೆ ಸರಿಯಾಗಿ ಹದಿನೇಳು ಇಂಚು ಬರುವಂತೆ ಸರಿಸಿ ಕೂತಳು. ಅವನು ಇವಳತ್ತ ತಿರುಗಿದ. ಬೆರಳಿನಿಂದ ಅವನ ಗಲ್ಲ ತಳ್ಳಿ ಮತ್ತೆ ಗೋಡೆಯ ಕಡೆಗೇ ಮಾಡಿದಳು.

“ಹೇಳಿ ಈಗ,” ಅಂದಳು. ಗಾಳಿಯಷ್ಟೇ ಬಂತು.

ಗಂಡ ಗೋಡೆ ನೋಡಿದ. “ನೀನು ಬಾಗಿಲು ಹಾಕ್ಕೊಂಡು ಹಾಡ್ತೀಯಲ್ಲ...”

“ಅದು ಅವಳಿಗೆ ಹೇಳಾಗಿದೆ. ಅವಳಿಗೆ ಹೇಳದೇ ಇರೋದು ಒಂದು ಹೇಳಿ.”

ಅವನು ಪ್ಲಾಸ್ಟರಿನ ಅಂಚು ಕೆರೆದುಕೊಂಡ. “ಮೂರನೇ ವರ್ಷ ಹದಿಮೂರನೇ ಸೀಟು ಖಾಲಿಯಾಗಿತ್ತು. ಮನೆಯವರಿಗೆ ಬೇಕಾ ಅಂತ ಸ್ಟೇಡಿಯಂನವರು ನನ್ನನ್ನೇ ಮೊದಲು ಕೇಳಿದ್ರು. ನಾನು ಬೇಡ ಅಂದೆ.”

ಟೈಲರಮ್ಮನ ಕೈಯಲ್ಲಿ ಟೇಪು ಬಿಗಿಯಾಯಿತು.

“ನೀನು ಪಕ್ಕದಲ್ಲಿ ಕೂತುಬಿಟ್ರೆ,” ಅಂದ ಅವನು ಗೋಡೆಗೆ, “ನಿನ್ನ ವಿಷಯ ಯಾರ ಹತ್ರ ಹೇಳ್ಲಿ?”

ಅವಳು ಟೇಪು ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಉಳಿದಿದ್ದ ದನಿಯನ್ನೆಲ್ಲ ಒಟ್ಟುಮಾಡಿ ಹೇಳಿದಳು.

“ಹದಿಮೂರು ನನಗೂ ಬೇಡ. ಹನ್ನೊಂದು ಖಾಲಿಯಾದಾಗ ಹೇಳಿ.”