ಒಣಗುವ ತನಕ ಒಂದು ಕನಸು

ಬೆಳಕು ಇನ್ನೂ ಕಿಟಕಿಯ ಗಾಜಿಗೆ ಅಂಟಿಕೊಂಡಿದೆ, ಒಳಗೆ ಇಳಿದಿಲ್ಲ. ವಾರ್ಡಿನ ಮೂಲೆಯ ಹಾಸಿಗೆಯ ಪಕ್ಕ ಒಬ್ಬ ನರ್ಸ್, ಗ್ಲೌಸ್ ಹಾಕಿದ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದಾರೆ. ಏನನ್ನೂ ಮುಟ್ಟುತ್ತಿಲ್ಲ. ಇವರ ಕೆಲಸ ನೋಡಿ ಬರೆಯಲೆಂದು ಕೋಳಿ ಕೂಗುವ ಮೊದಲೇ ಎದ್ದು ಬಂದ ನನಗೆ ಸ್ವಲ್ಪ ನಿರಾಸೆಯೇ ಆಗುತ್ತದೆ.

"ಯಾವಾಗ ಶುರು ಮಾಡ್ತೀರಿ?" ಎಂದು ದೂರದಿಂದಲೇ ಕೇಳುತ್ತೇನೆ.

"ಮಾಡ್ತಾನೇ ಇದ್ದೀನಲ್ಲ," ಎನ್ನುತ್ತಾರೆ ಮಾಸ್ಕಿನೊಳಗಿಂದ. "ಒಣಗಲಿ."

ಇಡೀ ವಾರ್ಡು ಇವರನ್ನು ಕರೆಯುವುದು 'ಒಣಗಲಿ ಸಿಸ್ಟರ್' ಎಂದೇ. ಹಾಸಿಗೆಯಲ್ಲಿರುವವರು ಒಬ್ಬ ಟೈಲರ್. ಕರುಳಿನ ಬಹುಭಾಗ ಕತ್ತರಿಸಿ ತೆಗೆದ ಮೇಲೆ ಅವರ ಊಟವೆಲ್ಲ ಎದೆಯ ಚರ್ಮದೊಳಗೆ ಇಳಿದ ಒಂದು ತೆಳು ನಳಿಕೆಯಿಂದ. ಅದರ ತುದಿ ಇರುವುದು ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ. ಊಟ ಹೋಗುವ ದಾರಿಯಲ್ಲೇ ಸೋಂಕೂ ಹೋಗಬಹುದು, ಹೋದರೆ ನೇರ ರಕ್ತಕ್ಕೆ. ಅದಕ್ಕೇ ನಳಿಕೆಯ ಸುತ್ತ ಔಷಧಿ ಉಜ್ಜಿ, ಅದು ತಾನಾಗಿಯೇ ಆರುವ ತನಕ ಕಾದು, ಆಮೇಲೆ ಗಾಜಿನಂಥ ತೆಳು ಪಟ್ಟಿ ಅಂಟಿಸುತ್ತಾರೆ. ಊದುವ ಹಾಗಿಲ್ಲ, ಬೀಸುವ ಹಾಗಿಲ್ಲ. "ಒದ್ದೆ ಇರೋವಾಗಲೇ ಮುಚ್ಚಿದ್ರೆ ಔಷಧಿ ಅರ್ಧ ಕೆಲಸ ಮಾಡಿ ಮಲಗಿಬಿಟ್ಟ ಹಾಗೆ," ಎನ್ನುತ್ತಾರೆ ಸಿಸ್ಟರ್.

ಆ ಕಾಯುವ ಹೊತ್ತಿನಲ್ಲಿ ರೋಗಿಗಳು ಮಾಸ್ಕ್ ಹಾಕಿಕೊಂಡು, ಮುಖವನ್ನು ಆಚೆ ತಿರುಗಿಸಿ ಮಲಗಿರಬೇಕು. ನಸುಕಿನಲ್ಲಿ, ಕಿಟಕಿ ನೋಡುತ್ತಾ, ಯಾರ ಮುಖವೂ ಕಾಣದೆ ಮಲಗಿದವರ ಬಾಯಿಗೆ ಬರುವುದು ಕನಸುಗಳೇ. ಹಿಂದೊಮ್ಮೆ ಒಬ್ಬ ಬಸ್ ಕಂಡಕ್ಟರ್ ತಮ್ಮ ಬಸ್ಸು ನದಿಯ ಮೇಲೆ ತೇಲಿದ್ದನ್ನು ಹೇಳಿದರಂತೆ. ಟಿಕೆಟ್ ಕೊಳ್ಳಲು ಒಬ್ಬರೂ ಇಲ್ಲವಲ್ಲ ಎಂದು ಅವರಿಗೆ ಬೇಸರ. ಒಬ್ಬ ಅಜ್ಜಿಗೆ ತೀರಿಹೋದ ಅಕ್ಕ ಬಂದು ತಲೆ ಬಾಚುತ್ತಿದ್ದಳಂತೆ. ಈ ಟೈಲರ್‌ಗೆ ಬೀಳುವುದು ಬಟ್ಟೆಯ ಕನಸು. ನೀಲಿ ಬಟ್ಟೆ, ಎಷ್ಟು ಕತ್ತರಿಸಿದರೂ ಅಂಚು ಸಿಗುವುದಿಲ್ಲ, ಕತ್ತರಿ ದೋಣಿಯ ಹಾಗೆ ಹೋಗುತ್ತಲೇ ಇರುತ್ತದೆ. ಸಿಸ್ಟರ್ "ಹೂಂ" ಎನ್ನುತ್ತಾ ಕೇಳುತ್ತಾರೆ, ಕಣ್ಣು ಮಾತ್ರ ಚರ್ಮದ ಮೇಲಿನ ಹೊಳಪು ಆರುವುದನ್ನೇ ನೋಡುತ್ತಿರುತ್ತದೆ.

ಆದರೆ ಇಂದು ಟೈಲರ್ ಬಾಯಿ ಬಿಡುತ್ತಿಲ್ಲ. ಅಸಲಿಗೆ ಪಟ್ಟಿ ಬದಲಿಸುವ ದಿನವೂ ಇದಲ್ಲ. ರಾತ್ರಿ ಬೆವರಿಗೆ ಅದರ ಒಂದು ಮೂಲೆ ಎದ್ದಿದೆ. ಬೆಲ್ ಒತ್ತಿ ಸಿಸ್ಟರನ್ನು ಕರೆಯಬೇಕಾದವರು, ಬೆರಳನ್ನು ನಾಲಿಗೆಗೆ ತಾಗಿಸಿ, ಆ ಮೂಲೆಯನ್ನು ನೀಟಾಗಿ ಒತ್ತಿ ಕೂರಿಸಿಬಿಟ್ಟಿದ್ದಾರೆ.

"ದಾರ ಪೋಣಿಸೋ ಅಭ್ಯಾಸ ಸಿಸ್ಟರ್. ಕೈ ತಾನಾಗೇ ಬಾಯಿಗೆ ಹೋಯ್ತು. ನಿಮಗ್ಯಾಕೆ ತೊಂದ್ರೆ ಅಂತ..."

"ತೊಂದ್ರೆ ಕೊಡಿ ಅಂತ ತಾನೇ ಬೆಲ್ ಇಟ್ಟಿರೋದು!" ಸಿಸ್ಟರ್ ದನಿ ಏರುತ್ತದೆ. "ಅದು ಎಂಜಲು ರೀ! ಮೈಯಲ್ಲಿ ಉಳಿದಿರೋ ಒಳ್ಳೆ ನಾಳ ಇದೊಂದೇ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿದೆ. ಹಿಂದೆ ಹಾಕಿದ್ದ ನಳಿಕೆಗಳಿಂದಾಗಿ ಬೇರೆ ನಾಳಗಳೆಲ್ಲ ಮುಚ್ಚಿಹೋಗಿವೆ. ಇದಕ್ಕೂ ಸೋಂಕು ತಗುಲಿ ಕಿತ್ತು ಹಾಕಬೇಕಾದರೆ ಊಟಕ್ಕೆ ಇನ್ನೊಂದು ದಾರಿ ಹುಡುಕುವುದು ಕಷ್ಟ. ಈ ವಾರ ಮನೆಗೆ ಕಳಿಸುವ ಮಾತಿತ್ತು. ಇನ್ನು ಜ್ವರ, ಚಳಿ ಬರುತ್ತದೋ ಎಂದು ಕಾಯಬೇಕು ಎಂದು ಡಾಕ್ಟರ್ ಹೇಳಿ ಹೋಗುತ್ತಾರೆ. ಮನೆಯಲ್ಲಿ ಇದನ್ನೆಲ್ಲ ತಾನೇ ಮಾಡಲು ಕಲಿಯುತ್ತಿರುವ ಟೈಲರ್ ಹೆಂಡತಿ ಸ್ಟೂಲೆಳೆದು ಹಾಸಿಗೆಯ ಪಕ್ಕ ಕೂರುತ್ತಾರೆ.

ಸಿಸ್ಟರ್ ಸಿಟ್ಟಿಗೆ ಹಳೆಯದೊಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿ ಅಪಘಾತದಿಂದ ಚೇತರಿಸಿಕೊಂಡು, ಎದ್ದು ಕೂತು, ಕೂದಲಿಗೆ ರಿಬ್ಬನ್ ಕೇಳಿದ್ದಳು. ಆಮೇಲೆ ಕತ್ತಿನ ನಳಿಕೆಯಿಂದ ಸೋಂಕು ರಕ್ತಕ್ಕಿಳಿಯಿತು. "ಕಾಯಿಲೆ ಅವಳನ್ನ ಬಿಟ್ಟುಕೊಟ್ಟಿತ್ತು. ನಾವು ಕಳ್ಕೊಂಡ್ವಿ. ಯಾರ ಕೈಯಿಂದ ಅಂತ ಗೊತ್ತಾಗ್ಲೇ ಇಲ್ಲ. ನಂದೂ ಇರಬಹುದು," ಎನ್ನುವಾಗ ಅವರು ತಮ್ಮ ಕೈಗಳನ್ನೇ ನೋಡುತ್ತಾರೆ.

ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀರಿ ಎಂದು ಕೇಳಿದರೆ, "ಎಣಿಸ್ತಾ ಕೂತ್ರೆ ತೊಳೆಯೋರು ಯಾರು?" ಎಂದು ನನ್ನನ್ನೇ ಗದರುತ್ತಾರೆ. ಗೆಣ್ಣುಗಳ ಮೇಲೆ ಚರ್ಮ ಬಿರಿದಿದೆ. ಮೂರನೇ ಮಹಡಿಯಲ್ಲಿರುವ ಅವರ ಎರಡು ಕೋಣೆಯ ಮನೆಗೆ ಹೋದಾಗ ನೋಡುತ್ತೇನೆ: ಪಾಳಿ ಮುಗಿಸಿ ಬಂದ ಸೊಸೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಬೆರಳು ಬೆರಳಿಗೂ ಎಣ್ಣೆ ಸವರುತ್ತಿದ್ದಾರೆ. ಸೊಸೆ ಕೂತಲ್ಲೇ ತೂಕಡಿಸುತ್ತಿದ್ದಾರೆ. ಅತ್ತೆಯ ಬಾಯಿ ಮಾತ್ರ ಸುಮ್ಮನಿಲ್ಲ. "ಇವಳು ನೆಲ ಒರೆಸಿದ್ಲು ಅಂದ್ರೆ ಮುಗೀತು, ಅದು ಒಣಗೋ ತನಕ ಮನೆಮಂದಿಯೆಲ್ಲ ಮಂಚದ ಮೇಲೆ ಕಾಲು ಮಡಚ್ಕೊಂಡು ಕೂರ್ಬೇಕು. ನನ್ನ ಮಗ ಒಂದ್ಸಲ ಹಾಗೇ ಕೂತು ನಿದ್ದೆ ಹೋಗಿ ಕೆಲಸಕ್ಕೇ ತಪ್ಪಿಸ್ಕೊಂಡ."

ಕೆಲವು ದಿನ ಬಿಟ್ಟು ಮತ್ತೆ ನಸುಕಿಗೇ ವಾರ್ಡಿಗೆ ಹೋಗುತ್ತೇನೆ. ಮೂಲೆಯ ಹಾಸಿಗೆಯತ್ತ ನೋಡಲು ಧೈರ್ಯ ಸಾಲದು. ಟೈಲರ್ ಅಲ್ಲೇ ಇದ್ದಾರೆ, ಮಾಸ್ಕ್ ಹಾಕಿಕೊಂಡು, ಕಿಟಕಿಯತ್ತ ತಿರುಗಿ. ಜ್ವರ ಬರಲಿಲ್ಲ. ನಾಳೆ ಮನೆಗೆ.

ಇಂದು ಪಟ್ಟಿ ಬದಲಿಸುತ್ತಿರುವುದು ಅವರ ಹೆಂಡತಿ. ಸಿಸ್ಟರ್ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಮುಂದೆ ಬಿಟ್ಟರೆ ಕೈ ತಾನಾಗಿಯೇ ನೆರವಿಗೆ ಹೋಗಿಬಿಡುತ್ತದಂತೆ. ಹೆಂಡತಿ ಔಷಧಿ ಉಜ್ಜಿ ಮುಗಿಸುತ್ತಾರೆ. ಟೈಲರ್ ಕಿಟಕಿಗೆ ಕನಸು ಹೇಳಲು ಶುರು ಮಾಡುತ್ತಾರೆ: ಅದೇ ನೀಲಿ ಬಟ್ಟೆ, ಆದರೆ ಈ ಸಲ ಅಂಚು ಸಿಕ್ಕಿತು, ಹೊಲಿಯೋಣವೆಂದು ಸೂಜಿ ಹಿಡಿದು ದಾರ ಬಾಯಿಗೆ ಒಯ್ದರೆ...

"ಸಿಸ್ಟರ್ ಬಂದ್ರು. ಕನಸಲ್ಲೂ ಮಾಸ್ಕ್!"

ಸಿಸ್ಟರ್ ನಗುತ್ತಾರೆ. ಕನಸು ಮುಗಿಯಿತೆಂದು ಟೈಲರ್ ಇತ್ತ ತಿರುಗಲು ನೋಡುತ್ತಾರೆ. "ಆಯ್ತಲ್ಲ, ಅಂಟಿಸಮ್ಮ."

ಹೆಂಡತಿ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದಾರೆ. ಕಣ್ಣು ಚರ್ಮದ ಮೇಲೆಯೇ ಇದೆ.

"ಆ ಕಡೆ ತಿರುಗ್ರೀ. ಒಣಗಲಿ."

ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಪಕ್ಕಕ್ಕೆ ಬರುತ್ತಾರೆ. ಮಾಸ್ಕಿನ ಮೇಲಿನ ಕಣ್ಣು ಒದ್ದೆಯಾಗಿದೆ.

"ಕೇಳಿಸ್ತಾ?" ಎನ್ನುತ್ತಾರೆ ಮೆಲ್ಲಗೆ. "ನಾನು ಹೇಳಿಕೊಡ್ಲಿಲ್ಲ. ಅವರೇ ಹೇಳಿದ್ರು."